ರಟ್ಟಿನ ಡಬ್ಬದಲ್ಲಿ ಗಾಜು

ಶುಕ್ರವಾರ ರಾತ್ರಿ ಎಂಟು ಗಂಟೆ ಹತ್ತು ನಿಮಿಷಕ್ಕೆ, ಹುಡುಗರೂ ಹುಡುಗಿಯರೂ ಇರುವ ವಿಶ್ವವಿದ್ಯಾಲಯದ ಸ್ನಾತಕೋತ್ತರ ಹಾಸ್ಟೆಲಿನ ವಾರ್ಡನ್ ಠಾಣೆಗೆ ಫೋನ್ ಮಾಡಿದರು. ಓದುವ ಕೋಣೆಯಲ್ಲಿ ಒಬ್ಬ ಹುಡುಗನ ತಲೆ ಒಡೆದಿದೆ, ಆಂಬುಲೆನ್ಸ್ ಬಂದು ಕರೆದೊಯ್ದಿದೆ, ಹೊಡೆದವನನ್ನು ನಾವೇ ಹಿಡಿದು ಕೂರಿಸಿದ್ದೇವೆ ಎಂದರು. ಇನ್‌ಸ್ಪೆಕ್ಟರ್ ಜೀಪು ಹತ್ತಿದರು. ಹಿಂದಿನ ಸೀಟಿನಲ್ಲಿ ಹೆಡ್ ಕಾನ್‌ಸ್ಟೆಬಲ್ ಕುಳಿತ. ಅವಸರವೆಂಬುದನ್ನೇ ಕಾಣದ ಆ ಮನುಷ್ಯನಿಗೆ ಠಾಣೆಯಲ್ಲಿ ‘ಎಕ್ಸ್‌ಪ್ರೆಸ್’ ಎಂದು ಹೆಸರು.

ಗಾಯಗೊಂಡವನು ಮನಶ್ಶಾಸ್ತ್ರದ ವಿದ್ಯಾರ್ಥಿ. ಯಾವ ವಿಭಾಗದವರಿಗೆ ಎಷ್ಟು ಒತ್ತಡ, ಎಷ್ಟು ಸಿಟ್ಟು ಎಂದು ಇಡೀ ವರ್ಷ ಕೋಣೆ ಕೋಣೆಗೆ ಹೋಗಿ ಪ್ರಶ್ನೆ ಕೇಳುತ್ತಿದ್ದುದರಿಂದ ಹಾಸ್ಟೆಲಿನಲ್ಲಿ ಅವನನ್ನು ‘ಸರ್ವೆ’ ಎಂದೇ ಕರೆಯುತ್ತಿದ್ದರು. ಹಿಡಿದು ಕೂರಿಸಿದ್ದವನು ಕಾನೂನು ವಿದ್ಯಾರ್ಥಿ. ಅವನು ಪಿಸುಗುಟ್ಟಿದರೂ ಮೂರು ಕೋಣೆಗೆ ಕೇಳುವುದರಿಂದ ಅವನ ಹೆಸರು ‘ಮೈಕು’. ಅಂಗಿಯ ಎದೆಯ ಭಾಗ, ಎರಡೂ ಅಂಗೈ ರಕ್ತವಾಗಿದ್ದವು.

“ನಾನಲ್ಲ ಅಂತ ಹೇಳ್ತಾನೇ ಇದೀನಿ ಮೇಡಂ,” ಎಂದ ಮೈಕು. “ಊಟ ಅರ್ಧಕ್ಕೆ ಬಿಟ್ಟು ಪುಸ್ತಕ ತಗೊಳ್ಳೋಕೆ ಬಂದೆ. ಬಿದ್ದಿದ್ದ. ತಲೆ ಎತ್ತಿ ತೊಡೆ ಮೇಲಿಟ್ಕೊಂಡು ಕೂಗ್ದೆ. ಅಷ್ಟೇ.”

“ಮಧ್ಯಾಹ್ನ ಜಗಳ ಆಗಿತ್ತಂತೆ?” ಎಂದರು ಇನ್‌ಸ್ಪೆಕ್ಟರ್.

“ಆಗಿತ್ತು.”

“ಏನಂದೆ?”

“ಹಲ್ಲು ಉದುರಿಸ್ತೀನಿ ಅಂದೆ.” ಸ್ವಲ್ಪ ತಡೆದು, “ಹಲ್ಲು ಅಂದೆ ಮೇಡಂ, ತಲೆ ಅಂದಿಲ್ಲ,” ಎಂದ.

ಎಕ್ಸ್‌ಪ್ರೆಸ್ ಮುಖ ಆಚೆ ತಿರುಗಿಸಿಕೊಂಡ.

ವಾರ್ಡನ್ ಇನ್‌ಸ್ಪೆಕ್ಟರನ್ನು ಸೂಚನಾ ಫಲಕದ ಬಳಿಗೆ ಕರೆದೊಯ್ದರು. ಸರ್ವೆ ತನ್ನ ಅಧ್ಯಯನದ ಫಲಿತಾಂಶವನ್ನು ಅಂದು ಬೆಳಿಗ್ಗೆಯಷ್ಟೇ ಬಣ್ಣದ ಕಂಬಗಳಾಗಿ ಬರೆದು ಅಂಟಿಸಿದ್ದ. ಎಲ್ಲಕ್ಕಿಂತ ಎತ್ತರದ ಕೆಂಪು ಕಂಬ ಕಾನೂನಿನದು. ಆಮೇಲೆ ನಾಟಕ, ಎಂಜಿನಿಯರಿಂಗ್. ತುದಿಯಲ್ಲಿ, ಇದೆಯೋ ಇಲ್ಲವೋ ಎನ್ನುವಂಥ ಗಿಡ್ಡ ಕಂಬ ರಸಾಯನಶಾಸ್ತ್ರದ್ದು.

“ವಿಜ್ಞಾನವೇ ಹೇಳ್ತಿದೆ ನೋಡಿ,” ಎಂದರು ವಾರ್ಡನ್. “ಇದನ್ನ ನೋಡಿಯೇ ಅವನಿಗೆ ಪಿತ್ತ ನೆತ್ತಿಗೇರಿದ್ದು. ಸಿಟ್ಟಿನವರು ಅಂದಿದ್ದಕ್ಕೆ ಸಿಟ್ಟು.”

“ಕಂಬ ನೋಡಿ ಅರೆಸ್ಟ್ ಮಾಡೋಕಾಗಲ್ಲ ಸರ್. ಕೋಣೆ ತೋರ್ಸಿ.”

ಓದುವ ಕೋಣೆಯಲ್ಲಿ ಆರು ಉದ್ದನೆಯ ಮೇಜುಗಳು. ಕಿಟಕಿ ಪಕ್ಕದ ಮೇಜಿನಲ್ಲಿ ಸರ್ವೆಯ ಲ್ಯಾಪ್‌ಟಾಪ್ ತೆರೆದೇ ಇತ್ತು. ಕುರ್ಚಿ ಉರುಳಿತ್ತು. ನೆಲದ ಮೇಲೆ ರಕ್ತವೂ ನೀರೂ ಬೆರೆತು ಹರಿದಿತ್ತು. ಪ್ರತಿ ಮೇಜಿಗೂ ಒಂದು ದಪ್ಪ ಗಾಜಿನ ನೀರಿನ ಹೂಜಿ ಇಟ್ಟಿದ್ದರು. ಈ ಮೇಜಿನ ಹೂಜಿ ಮಾತ್ರ ಇರಲಿಲ್ಲ. ಆಸ್ಪತ್ರೆಯಿಂದ ಫೋನ್ ಮಾಡಿದ ವೈದ್ಯರು, ಗಾಯದೊಳಗೆ ಗಾಜಿನ ಚೂರು ಸಿಕ್ಕಿದೆ, ಹಿಂದಿನಿಂದ ಬಿದ್ದ ಒಂದೇ ಪೆಟ್ಟು, ಹುಡುಗನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ ಎಂದರು.

“ಹೂಜಿಯಲ್ಲೇ ಹೊಡೆದಿದಾರೆ,” ಎಂದ ಎಕ್ಸ್‌ಪ್ರೆಸ್. “ಒಡೆದಿದೆ. ಸರಿ. ಗಾಜೆಲ್ಲಿ?”

ನೆಲದ ಮೇಲೆ ಒಂದು ಚೂರೂ ಇರಲಿಲ್ಲ. ಇನ್‌ಸ್ಪೆಕ್ಟರ್ ಮೊಣಕಾಲೂರಿ ಟಾರ್ಚ್ ಅಡ್ಡ ಹಿಡಿದರು. ಮೇಜಿನ ಕಾಲಿನ ಸಂದಿಯಲ್ಲಿ ಉಪ್ಪಿನ ಹರಳಿನಂಥ ಪುಡಿ ಮಿನುಗಿತು. ಒದ್ದೆ ನೆಲದ ಮೇಲೆ ಪೊರಕೆಯ ಗೀರುಗಳಿದ್ದವು. ಮೂಲೆಯ ತೆರೆದ ಕಪಾಟಿನಲ್ಲಿ ಹಳೆ ಪತ್ರಿಕೆ, ಟೇಪು, ಖಾಲಿ ಡಬ್ಬಗಳ ಜೊತೆ ಒದ್ದೆ ಪೊರಕೆಯಿತ್ತು. ಬಾಗಿಲ ಬಳಿಯ ಕಸದ ಬುಟ್ಟಿಯಲ್ಲಿ ಕಾಗದದ ಲೋಟ, ಕಿತ್ತಳೆ ಸಿಪ್ಪೆ. ಬುಟ್ಟಿಯ ಪಕ್ಕದಲ್ಲಿ, ಯಾರೂ ಎಡವದ ಹಾಗೆ ಗೋಡೆಗೆ ಒತ್ತಿ, ಬಿಸ್ಕತ್ತಿನ ಒಂದು ರಟ್ಟಿನ ಡಬ್ಬ ಇಟ್ಟಿತ್ತು. ನಾಲ್ಕೂ ಅಂಚಿಗೆ ಕಂದು ಟೇಪು. ಮೇಲೆ ಬಿಡಿ ಬಿಡಿ ಅಕ್ಷರದಲ್ಲಿ ‘ಒಡೆದ ಗಾಜು’, ಅದರ ಕೆಳಗೆ ಅಂದಿನ ತಾರೀಖು.

ಪಂಚರ ಎದುರು ಡಬ್ಬ ತೆರೆದರು. ಹೂಜಿಯ ಹಿಡಿ, ಬಾಯಿ, ಚೂರುಗಳೆಲ್ಲ ಹಳೆ ಪತ್ರಿಕೆಯಲ್ಲಿ ಸುತ್ತಿಕೊಂಡಿದ್ದವು. ಕೆಲವು ಚೂರುಗಳಿಗೆ ರಕ್ತ ಅಂಟಿತ್ತು. ಎಕ್ಸ್‌ಪ್ರೆಸ್ ಪಂಚನಾಮೆ ಬರೆಯುತ್ತಾ ತಲೆ ಎತ್ತಿದ.

“ಮೂವತ್ತು ವರ್ಷದ ಸರ್ವೀಸಲ್ಲಿ ಆಯುಧ ಬಾವಿಗೆ ಹಾಕಿದ್ದು ನೋಡಿದೀನಿ, ಹೂತಿದ್ದು ನೋಡಿದೀನಿ. ಪ್ಯಾಕ್ ಮಾಡಿ ತಾರೀಖು ಹಾಕಿಟ್ಟಿದ್ದು ಇದೇ ಮೊದಲು ಮೇಡಂ.”

“ಮೈಕು ಅಂಗೈ ನೋಡಿದ್ರಾ?”

“ರಕ್ತ ಇದೆ. ಗಾಯ ಇಲ್ಲ.”

“ಹೊಡೆದು, ಗುಡಿಸಿ, ಟೇಪ್ ಸುತ್ತಿ, ಆಮೇಲೆ ತೊಡೆ ಮೇಲೆ ಮಲಗಿಸ್ಕೊಂಡು ಕೂಗಿದ್ನಾ?”

“ಅಷ್ಟು ಹೊತ್ತು ಬಾಯಿ ಮುಚ್ಕೊಂಡಿರೋ ಗಿರಾಕಿ ಅಲ್ಲ ಅವನು.”

ಟೇಪಿನ ಅಂಟಿನ ಭಾಗದಲ್ಲಿ ಬೆರಳಚ್ಚು ಉಳಿದಿರಬಹುದೆಂದು ಡಬ್ಬವನ್ನು ಸೀಲ್ ಮಾಡಿ ಬೆರಳಚ್ಚು ವಿಭಾಗಕ್ಕೆ ಕಳಿಸಿದರು. ಹತ್ತು ಗಂಟೆಯ ಹೊತ್ತಿಗೆ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗದಲ್ಲಿ ‘ಅಪರಿಚಿತ’ ಎಂದು ಬರೆಸಿದ್ದಕ್ಕೆ ವಾರ್ಡನ್ ಮುಖ ಗಂಟಿಕ್ಕಿದರು. ಸೋಮವಾರದೊಳಗೆ ಪೊಲೀಸರು ಬೇರೆ ಹೆಸರು ಹೇಳದಿದ್ದರೆ ಮೈಕನ್ನು ಅಮಾನತು ಮಾಡುವುದಾಗಿ ಕುಲಸಚಿವರು ತಿಳಿಸಿದ್ದಾರೆ ಎಂದರು. ಸೋಮವಾರವೇ ಮೈಕಿನ ಕೊನೆಯ ಪರೀಕ್ಷೆ.

“ಅಮಾನತಾದ್ರೆ ವಕೀಲಿಕೆ ನೋಂದಣಿಯಲ್ಲಿ ಕೇಳ್ತಾರೆ ಮೇಡಂ,” ಎಂದ ಮೈಕು. ಈಗ ಮಾತ್ರ ಅವನ ದನಿ ಪಕ್ಕದವರಿಗೂ ಕೇಳುವಂತಿರಲಿಲ್ಲ. “ನಮ್ಮಪ್ಪ ಕೋರ್ಟ್ ಗೇಟಲ್ಲಿ ಟೈಪ್ ಹೊಡೆದು ನನ್ನ ಓದಿಸಿದ್ದು. ಒಳಗೆ ಹೋಗೋದು ನಾನೇ ಮೊದಲು.”

“ಹೋಗಿ ಓದ್ಕೋ,” ಎಂದರು ಇನ್‌ಸ್ಪೆಕ್ಟರ್. “ಮನಸ್ಸಲ್ಲಿ ಓದು.”

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಇಬ್ಬರೂ ಮತ್ತೆ ಹಾಸ್ಟೆಲಿಗೆ ಬಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಎಂಜಿನಿಯರಿಂಗಿನವರು ನಿದ್ದೆಗೆಟ್ಟ ಕಣ್ಣಿನಲ್ಲಿ ಒಬ್ಬರ ಮೇಲೊಬ್ಬರು ರೇಗಿದರು, ಮರುಕ್ಷಣ ಒಂದೇ ತಟ್ಟೆಯಲ್ಲಿ ತಿಂಡಿ ತಿಂದರು. ಮೇಲಿನ ಮಹಡಿಯ ಒಂದು ಕೋಣೆಯಿಂದ “ನಿನ್ನನ್ನು ಕೊಂದೇ ತೀರುತ್ತೇನೆ” ಎಂಬ ಅಬ್ಬರ ಕೇಳಿ ಎಕ್ಸ್‌ಪ್ರೆಸ್ ಮೆಟ್ಟಿಲು ಹಾರುತ್ತ ಓಡಿದ. ಬಾಗಿಲು ತೆರೆದರೆ ನಾಟಕ ವಿಭಾಗದ ಹುಡುಗಿಯೊಬ್ಬಳು ದಿಂಬಿಗೆ ಮಾತು ಒಪ್ಪಿಸುತ್ತಿದ್ದಳು.

“ಚೆನ್ನಾಗಿತ್ತಾ ಅಂಕಲ್?” ಎಂದಳು.

“ನಾನು ಓಡಿದ್ದು ಲೆಕ್ಕಕ್ಕೆ ತಗೋ ತಾಯಿ,” ಎಂದು ಏದುಸಿರು ಬಿಡುತ್ತ ಕೆಳಗಿಳಿದ.

ಇನ್‌ಸ್ಪೆಕ್ಟರ್ ಮೆಟ್ಟಿಲ ಬುಡದಲ್ಲಿ ನಿಂತಿದ್ದರು. “ಕೂಗೋರೆಲ್ಲ ಕೂಗಿ ಖಾಲಿ ಆಗ್ತಿದಾರೆ,” ಎಂದರು. “ಬನ್ನಿ, ಇವರೆಲ್ಲ ದಿನಾ ಕೆಲಸ ಮಾಡೋ ಜಾಗ ನೋಡ್ಕೊಂಡು ಬರೋಣ. ಹಾಗೆ ಡಬ್ಬ ಕಟ್ಟೋದು ಒಂದೇ ದಿನಕ್ಕೆ ಬರೋ ಅಭ್ಯಾಸ ಅಲ್ಲ.”

ಕಾನೂನಿನ ಗ್ರಂಥಾಲಯ ನೋಡಿದರು, ಎಂಜಿನಿಯರಿಂಗಿನ ವರ್ಕ್‌ಶಾಪ್ ನೋಡಿದರು. ಹನ್ನೊಂದೂವರೆಗೆ ರಸಾಯನಶಾಸ್ತ್ರದ ಕಟ್ಟಡಕ್ಕೆ ಬಂದರು. ಪ್ರಯೋಗಾಲಯದ ಬಾಗಿಲ ಒಳಗೆ ಕಸದ ಬುಟ್ಟಿ, ಅದರ ಪಕ್ಕದಲ್ಲಿ ಗೋಡೆಗೆ ಒತ್ತಿದ ಎರಡು ರಟ್ಟಿನ ಡಬ್ಬಗಳು. ಕಂದು ಟೇಪು. ‘ಒಡೆದ ಗಾಜು’, ಕೆಳಗೆ ತಾರೀಖು. ಎಕ್ಸ್‌ಪ್ರೆಸ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ.

ಪ್ರಾಧ್ಯಾಪಕರು ಮೆಲುದನಿಯ ಮನುಷ್ಯ. “ನಮ್ಮಲ್ಲಿ ಓಡೋ ಹಾಗಿಲ್ಲ, ಕೂಗೋ ಹಾಗಿಲ್ಲ,” ಎಂದರು. “ಕೈ ನಡುಗಿದ್ರೆ ಅಪಾಯ. ಮೊದಲ ವರ್ಷದಿಂದಲೇ ಅಭ್ಯಾಸ ಮಾಡಿಸ್ತೀವಿ. ನನ್ನ ವಿದ್ಯಾರ್ಥಿಗಳಿಗೆ ಸಿಟ್ಟೇ ಬರಲ್ಲ.”

“ಆ ಹಾಸ್ಟೆಲಲ್ಲಿ ನಿಮ್ಮವರು ಎಷ್ಟು ಜನ?”

“ಇಬ್ಬರು. ಒಬ್ಬಳು ವಾರದಿಂದ ಊರಲ್ಲಿದಾಳೆ. ಇನ್ನೊಬ್ಬ ಅಲ್ಲಿ ಕೆಲಸ ಮಾಡ್ತಿದಾನೆ ನೋಡಿ. ಎಲ್ಲರೂ ಅವನನ್ನ ‘ಫ್ರಿಡ್ಜ್’ ಅಂತಾರೆ. ಅಷ್ಟು ತಣ್ಣಗಿನ ಹುಡುಗ.”

ಕೊನೆಯ ಮೇಜಿನಲ್ಲಿ ಬಿಳಿ ಕೋಟಿನ ಹುಡುಗ ಗಾಜಿನ ಪಾತ್ರೆಗಳನ್ನು ತೊಳೆದು ಬೋರಲಾಗಿ ಸಾಲಿಗಿಡುತ್ತಿದ್ದ. ಇನ್‌ಸ್ಪೆಕ್ಟರ್ ಹತ್ತಿರ ಹೋದರು. ಬಲಗೈಯ ತೋರುಬೆರಳಿಗೆ ಪ್ಲಾಸ್ಟರ್ ಸುತ್ತಿತ್ತು.

“ಗಾಜು ತಾಗ್ತಾ?”

“ಹೌದು ಮೇಡಂ.”

“ಇಲ್ಲೇನಾ?”

ಅವನು ಕೈಯಲ್ಲಿದ್ದ ಪಾತ್ರೆಯನ್ನು ಇಡುವ ಜಾಗದಲ್ಲಿ ಇಟ್ಟ.

“ಇಲ್ಲಿ ಕೈಗವಸು ಇರುತ್ತೆ,” ಎಂದ. “ಅಲ್ಲಿರಲಿಲ್ಲ.”

ಪ್ರಾಧ್ಯಾಪಕರು ಏನೋ ಹೇಳಲು ಬಾಯಿ ತೆರೆದರು. ಇನ್‌ಸ್ಪೆಕ್ಟರ್ ಕೈ ಎತ್ತಿದರು.

“ಅವನು ಹೇಗಿದಾನೆ ಮೇಡಂ?” ಎಂದು ಹುಡುಗ ಕೇಳಿದ.

“ಇನ್ನೂ ಎಚ್ಚರ ಆಗಿಲ್ಲ. ಠಾಣೆಗೆ ಬರಬೇಕು.”

“ಬರ್ತೀನಿ. ಬರ್ನರ್ ಆರಿಸಿ ಬಿಡ್ತೀನಿ.”

ಅವನು ಉರಿ ಆರಿಸಿದ, ನಲ್ಲಿ ನಿಲ್ಲಿಸಿದ, ಕೋಟು ಬಿಚ್ಚಿ ಮೊಳೆಗೆ ಹಾಕಿದ. ಆಮೇಲೆ ಅವರಿಬ್ಬರ ನಡುವೆ ನಡೆದು ಹೊರಗೆ ಬಂದ. ಠಾಣೆಯಲ್ಲಿ ಅವನ ಬೆರಳಚ್ಚು ತೆಗೆದು ಕಳಿಸಿದರು, ಮಧ್ಯಾಹ್ನ ಮೂರಕ್ಕೆ ಬೆರಳಚ್ಚು ವಿಭಾಗದ ವರದಿ ಬಂತು. ಟೇಪಿನ ಒಳಭಾಗದ ಎರಡು ಅಚ್ಚುಗಳು ಅವನ ಬೆರಳಿನವೇ. ಬಂಧನದ ಮೆಮೋಗೆ ಸಹಿಯಾಯಿತು.

ಠಾಣೆಯ ಒಳಕೋಣೆಯಲ್ಲಿ ಅವನಿಗೆ ಚಹಾ ತರಿಸಿದರು. ಎಕ್ಸ್‌ಪ್ರೆಸ್ ಬರೆಯಲು ಕುಳಿತ.

“ಯಾಕೆ?”

“ನನ್ನ ಉತ್ತರ ಬದಲಾಯಿಸೋಕೆ ಹೋಗಿದ್ದೆ.”

“ಯಾವ ಉತ್ತರ?”

ನಿಧಾನವಾಗಿ ಹೇಳಿದ. ವರ್ಷದ ಆರಂಭದಲ್ಲಿ ಸರ್ವೆ ಬಂದು ಕೇಳಿದ್ದ: ಸಿಟ್ಟು ಬರುತ್ತಾ, ಏನಾದರೂ ಎಸೆಯಬೇಕು ಅನ್ನಿಸುತ್ತಾ, ಯಾರಿಗಾದರೂ ಹೊಡೆಯಬೇಕು ಅನ್ನಿಸುತ್ತಾ. ಎಲ್ಲಕ್ಕೂ ಇಲ್ಲ ಎಂದಿದ್ದ. ಆಗ ಅದು ನಿಜವೇ ಆಗಿತ್ತು. ಆಮೇಲೆ ಅವನ ಪ್ರಯೋಗ ಕೆಟ್ಟಿತು. ಪ್ರಾಧ್ಯಾಪಕರು ಮೆಲುವಾಗಿ, ಇನ್ನೊಂದು ಸಲ ಮಾಡಿ ಎಂದರು. ಮತ್ತೆ ಕೆಟ್ಟಿತು. ಮತ್ತೆ ಅಷ್ಟೇ ಮೆಲುವಾಗಿ ಅದನ್ನೇ ಅಂದರು. ಗುರುವಾರ, ಮುಗಿಯಲು ಬಂದಿದ್ದ ದ್ರಾವಣವನ್ನು ಯಾರೋ ಗೊತ್ತಿಲ್ಲದೆ ಚೆಲ್ಲಿ ಪಾತ್ರೆ ತೊಳೆದಿಟ್ಟರು. ಅವನು ಪರವಾಗಿಲ್ಲ ಎಂದ. ಆ ರಾತ್ರಿ ನಿದ್ದೆ ಬರಲಿಲ್ಲ.

“ಯಾರಿಗಾದ್ರೂ ಹೇಳಬಹುದಿತ್ತಲ್ಲ?”

“ಯಾರಿಗೆ ಹೇಳಿದ್ರೂ ನಗ್ತಾರೆ ಮೇಡಂ. ನಿಂಗಾ, ಸಿಟ್ಟಾ, ಅಂತಾರೆ. ಕೇಳಿದೋನು ಅವನೊಬ್ಬನೇ. ಅದಕ್ಕೇ ಅವನ ಹತ್ರ ಹೋದೆ. ನನ್ನ ಉತ್ತರ ಈಗ ಹಾಗಿಲ್ಲ ಅಂದೆ.”

“ಅವನೇನಂದ?”

“ಟೈಪ್ ಮಾಡ್ತಿದ್ದ. ಸೋಮವಾರ ಪ್ರಬಂಧ ಕೊಡಬೇಕಿತ್ತು, ಅವನಿಗೂ ನಿದ್ದೆ ಇರಲಿಲ್ಲ. ತಿರುಗಿ ನೋಡ್ಲಿಲ್ಲ. ‘ಎಲ್ಲಾ ಸೇರಿಸಿ ಆಯ್ತು ಗುರೂ. ನೀನೀಗ ಸಿಟ್ಟು ಮಾಡ್ಕೊಂಡ್ರೆ ನನ್ನ ಕಂಬದ ಲೆಕ್ಕ ಕೆಡುತ್ತೆ. ತಣ್ಣಗೇ ಇರು,’ ಅಂದ. ನಕ್ಕ.” ಹುಡುಗ ಲೋಟದ ಅಂಚನ್ನು ನೋಡುತ್ತಿದ್ದ. “ಹೂಜಿ ಕೈಗೆ ಬಂದಿದ್ದು ಗೊತ್ತಾಗಲಿಲ್ಲ.”

“ಅವನು ರಕ್ತದಲ್ಲಿ ಬಿದ್ದಿದ್ದ. ನೀನು ಗಾಜು ಗುಡಿಸ್ತಿದ್ದೆ.”

ಹುಡುಗ ಲೋಟವನ್ನು ಮೇಜಿನ ನಡುವಿಗೆ ಸರಿಸಿದ.

“ಒಡೆದ್ರೆ ಮೊದಲು ಗಾಜು ತೆಗೀಬೇಕು. ಬುಟ್ಟಿಗೆ ಹಾಕಿದ್ರೆ ಬೆಳಗ್ಗೆ ಕಸ ತೆಗೆಯೋ ಅಮ್ಮನ ಕೈ ಕುಯ್ಯುತ್ತೆ. ಅಷ್ಟೇ ತಲೇಲಿ ಇದ್ದಿದ್ದು.” ಅವನ ದನಿ ಮೊದಲ ಬಾರಿಗೆ ಒಡೆಯಿತು. “ಡಬ್ಬ ಇಟ್ಟು ತಿರುಗಿದಾಗ ಅವನನ್ನ ನೋಡ್ದೆ. ನೋಡಿ ಓಡ್ದೆ. ಕೂಗಲೇ ಇಲ್ಲ ಮೇಡಂ. ನಂಗೆ ಕೂಗೋಕೆ ಬರಲಿಲ್ಲ.”

ಮೇಜಿನ ಮೇಲಿನ ಫೋನ್ ಸದ್ದು ಮಾಡಿತು. ಆಸ್ಪತ್ರೆಯಲ್ಲಿ ಕಾವಲಿದ್ದ ಕಾನ್‌ಸ್ಟೆಬಲ್. ಸರ್ವೆ ಕಣ್ಣು ಬಿಟ್ಟಿದ್ದಾನೆ, ತಾಯಿಯನ್ನು ಗುರುತಿಸಿದ್ದಾನೆ, ಪ್ರಾಣಕ್ಕೆ ಭಯವಿಲ್ಲ. ಯಾರು ಬಂದಿದ್ದರು ಎಂದು ಕೇಳಿದರೆ, ‘ಯಾರು ಅಂತ ನೆನಪಾಗ್ತಿಲ್ಲ, ಯಾರೋ ಏನೋ ಹೇಳೋಕೆ ಬಂದಿದ್ದ, ನಾನು ಕೇಳಿಸ್ಕೊಳ್ಳಲಿಲ್ಲ’ ಎಂದಷ್ಟೇ ಹೇಳಿ ಮತ್ತೆ ಮಲಗಿದ್ದಾನೆ.

ಇನ್‌ಸ್ಪೆಕ್ಟರ್ ಅದನ್ನು ಹಾಗೆಯೇ ಹುಡುಗನಿಗೆ ಹೇಳಿದರು. ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡ. ಭುಜಗಳು ಅಲುಗಿದವು, ಸದ್ದು ಬರಲಿಲ್ಲ. ಇನ್‌ಸ್ಪೆಕ್ಟರ್ ಎದ್ದು ಹೋಗಿ ಕುಲಸಚಿವರಿಗೂ ಮೈಕಿಗೂ ಫೋನ್ ಮಾಡಿ ಬಂದರು. ಮೈಕು ಆಡಿದ ಮಾತು ಬಾಗಿಲಾಚೆಯಿಂದ ಎಕ್ಸ್‌ಪ್ರೆಸ್‌ಗೂ ಕೇಳಿಸಿತು: “ಫ್ರಿಡ್ಜಾ? ಅವನು ನನ್ನ ಪಕ್ಕದ ಕೋಣೆಯಲ್ಲೇ ಇದ್ನಲ್ಲ ಮೇಡಂ. ಒಂದು ಸದ್ದೂ ಕೇಳಿಲ್ಲ.”

ಎಕ್ಸ್‌ಪ್ರೆಸ್ ಬರೆದದ್ದನ್ನು ಮೊದಲಿನಿಂದ ಓದತೊಡಗಿದ. ಪಾರಾಯಣ ಮಾಡುವವರ ಹಾಗೆ ನಿಲ್ಲುವಲ್ಲಿ ನಿಂತು, ಎಳೆಯುವಲ್ಲಿ ಎಳೆದು, ಒಂದಕ್ಷರ ನುಂಗದೆ ಓದಿದ. ಮುಗಿದ ಮೇಲೆ ಕ್ರಮದಂತೆ ಕೇಳಬೇಕಾದುದನ್ನು ಕೇಳಿದ.

“ಏನಾದ್ರೂ ಬದಲಾಯಿಸೋದಿದೆಯೇನಪ್ಪ? ಈಗ ಹೇಳಬಹುದು. ಹೊತ್ತಾದ್ರೂ ಪರವಾಗಿಲ್ಲ.”

ಹುಡುಗ ತಲೆ ಎತ್ತಿದ. ಅಂಥ ಮಾತನ್ನು ಯಾರಾದರೂ ಕೇಳುತ್ತಾರೆಂದು ಅವನು ಎಣಿಸಿರಲಿಲ್ಲವೆಂದು ಮುಖ ಹೇಳುತ್ತಿತ್ತು.

“ಒಂದು ಕಡೆ ‘ಸಿಟ್ಟಿನಿಂದ’ ಅಂತ ಬರೆದಿದೀರಿ,” ಎಂದ.

“ಹೌದು. ತೆಗೀಬೇಕಾ?”

“ಬೇಡ ಸರ್. ಅದು ಇರಲಿ.”

ಎಕ್ಸ್‌ಪ್ರೆಸ್ ಕಾಗದ ಅವನ ಕಡೆ ತಿರುಗಿಸಿದ. ಹುಡುಗ ಅದರ ಮೇಲೆ ಕೈಯಿಟ್ಟು ಇನ್ನೊಮ್ಮೆ ತಾನೇ ಓದಿದ. ಅಷ್ಟು ಹೊತ್ತೂ ಯಾರೂ ಅವನಿಗೆ ಅವಸರ ಮಾಡಲಿಲ್ಲ.