ನಾಲ್ಕನೇ ಅಂಗಿ

ಟ್ರೇಯಲ್ಲಿ ಹತ್ತಿ ಇತ್ತು, ಔಷಧದ ಬಾಟಲಿ ಇತ್ತು, ಬ್ಯಾಂಡೇಜು ಇತ್ತು. ಸ್ಪ್ಯಾನರ್ ಮಾತ್ರ ಇರಲಿಲ್ಲ.

ಕೈಗವಸು ತರಲು ನಾನು ಪಕ್ಕದ ಕೋಣೆಗೆ ಹೋಗಿದ್ದು ಹೆಚ್ಚೆಂದರೆ ಐದು ನಿಮಿಷ. ಅಷ್ಟರಲ್ಲಿ ಮಂಗಮಾಯ! ಎದುರಿನ ಕುರ್ಚಿಯಲ್ಲಿ ನನ್ನ ರೋಗಿ ಕೂತಿದ್ದರು — ತಲೆಯ ಸುತ್ತ ಲೋಹದ ಚೌಕಟ್ಟು, ಅದನ್ನು ಹಣೆಗೂ ಹಿಂದಲೆಗೂ ಬಿಗಿದ ನಾಲ್ಕು ತಿರುಪು. ತಿರುಪು ಬಿಚ್ಚಲು ಇದ್ದದ್ದು ಅದೊಂದೇ ಸ್ಪ್ಯಾನರ್. ಅದರ ಜೊತೆಯ ಇನ್ನೊಂದು, ತುದಿ ಸವೆದು ರಿಪೇರಿಗೆ ಹೋಗಿತ್ತು.

ಇದು ಇವರಿಗೇ ಆಗಬೇಕೆ? ಇವರ ಕಸುಬು ಬೀಗ ರಿಪೇರಿ. ವಾರ್ಡಿನಲ್ಲಿ ನಾವೆಲ್ಲ ಬೀಗದಣ್ಣ ಎಂದೇ ಕರೆಯುತ್ತಿದ್ದೆವು.

"ಹದಿನೆಂಟು ವರ್ಷದಿಂದ ಕಂಡೋರ ಬೀಗ ತೆಗೀತಿದ್ದೀನಿ ಸಿಸ್ಟರ್. ನೀವು ನನ್ನ ತಲೆಗೇ ಬೀಗ ಜಡಿದು ಕೀ ಕಳೆದುಬಿಟ್ರಲ್ಲ," ಎಂದು ಅವರು ನಕ್ಕರು.

ನನಗೆ ನಗು ಬರಲಿಲ್ಲ. ಆರು ತಿಂಗಳ ಹಿಂದೆ ಈ ಮನುಷ್ಯ ಅಂಗಡಿಯಲ್ಲೇ ಕುಸಿದು ಬಿದ್ದಿದ್ದರು. ಮೆದುಳಿನ ಆಳದಲ್ಲಿ ರಕ್ತನಾಳಗಳು ಹುಟ್ಟಿನಿಂದಲೇ ಸಿಕ್ಕುಬಿದ್ದು ಗಂಟಾಗಿದ್ದವು. ಅದು ಒಂದು ಕಡೆ ಒಡೆದಿತ್ತು. ಮತ್ತೆ ಒಡೆದರೆ ಉಳಿಯುವುದು ಕಷ್ಟ. ಕತ್ತಿ ಹಾಕುವಂಥ ಜಾಗವಲ್ಲ. ಆದ್ದರಿಂದ ಈ ದಿನ ತಲೆ ಕೊಯ್ಯದೆಯೇ, ಹತ್ತಾರು ದಿಕ್ಕಿನಿಂದ ಸಣ್ಣ ವಿಕಿರಣದ ಎಳೆಗಳನ್ನು ಬಿಟ್ಟು ಎಲ್ಲವೂ ಆ ಗಂಟಿನಲ್ಲೇ ಕೂಡುವಂತೆ ಮಾಡಿದ್ದೆವು. ಕೆಲಸ ಸುಸೂತ್ರವಾಗಿ ಮುಗಿದಿತ್ತು. ಆದರೆ ತಿರುಪಿನ ಜಾಗ ಮರಗಟ್ಟಿಸಿದ ಔಷಧ ಇನ್ನು ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆಮೇಲೆ ನೋವು ಶುರು. ಡಾಕ್ಟರು ಸ್ಪ್ಯಾನರ್ ಎರವಲು ಕೇಳಲು ಬೇರೆ ಆಸ್ಪತ್ರೆಗೆ ಫೋನು ಮಾಡುತ್ತಿದ್ದರು.

"ಕಣ್ಣು ಮುಚ್ಚಿ ಒರಗಿದ್ದೆ, ಏನೂ ನೋಡಲಿಲ್ಲ," ಎಂದರು ಬೀಗದಣ್ಣ. "ಇರಲಿ, ನಾನೇ ಹುಡುಕ್ತೀನಿ. ಒಳಗೆ ಯಾರ್ಯಾರು ಬಂದಿದ್ರು?"

ಬಂದವರು ಇಬ್ಬರು. ಮೂಲೆಯಲ್ಲಿ ಬೆಳಿಗ್ಗೆಯಿಂದ ತಲೆ ತಗ್ಗಿಸಿ ಹೊಲಿಯುತ್ತ ಕೂತಿದ್ದ ಅವರ ತಾಯಿಯೇ ಅದನ್ನು ಹೇಳಿದರು.

ಮೊದಲನೆಯವರು, ವಿಕಿರಣದ ಎಳೆ ಎಲ್ಲಿಂದ ಎಷ್ಟು ಹೋಗಬೇಕೆಂದು ಲೆಕ್ಕ ಹಾಕುವ ನಮ್ಮ ಲೆಕ್ಕದ ಮೇಷ್ಟ್ರು. ಕೂದಲೆಳೆಯಷ್ಟು ತಪ್ಪನ್ನೂ ಸಹಿಸದ ಈ ಪುಣ್ಯಾತ್ಮರಿಗೆ ತಮ್ಮ ಕನ್ನಡಕ ಎಲ್ಲಿದೆ ಎಂದು ಮಾತ್ರ ಗೊತ್ತಿರುವುದಿಲ್ಲ. ಜೇಬು ಖಾಲಿ ಮಾಡಿಸಿದೆ. ಐದು ಪೆನ್ನು — ಅದರಲ್ಲಿ ಎರಡು ನನ್ನವು — ಒಂದು ಚಾಕೊಲೇಟ್ ಕಾಗದ, ಸೋಮವಾರದಿಂದ ನಾವು ಹುಡುಕುತ್ತಿದ್ದ ಔಷಧದ ಬೀರುವಿನ ಕೀ ಸಿಕ್ಕವು. ಸ್ಪ್ಯಾನರ್ ಇಲ್ಲ.

ಎರಡನೆಯವರು ಬೀಗದಣ್ಣನ ಅಕ್ಕನ ಗಂಡ. ನನ್ನ ಅನುಮಾನವೆಲ್ಲ ಇವರ ಮೇಲೇ. ಚಿಕಿತ್ಸೆಯ ನೆನಪಿಗೆ ಆ ತಿರುಪುಗಳನ್ನು ಕೊಡ್ತೀರಾ, ಶೋಕೇಸಿನಲ್ಲಿ ಇಡ್ತೀನಿ ಎಂದು ಬೆಳಿಗ್ಗೆಯೇ ನನ್ನ ಪ್ರಾಣ ತಿಂದಿದ್ದರು.

"ಭಾವ, ಒಳಗೆ ಯಾಕೆ ಬಂದ್ರಿ?"

"ನಿನ್ನ ಫೋಟೋ ತೆಗೆಯೋಕೆ."

"ಟ್ರೇ ಮುಟ್ಟಿದ್ರಾ?"

"ಮುಟ್ಟಿಲ್ಲಪ್ಪ. ನನಗೆ ಬೇಕಾಗಿದ್ದು ತಿರುಪು. ಅದು ಇನ್ನೂ ನಿನ್ನ ತಲೇಲೇ ಇದೆಯಲ್ಲ? ಸ್ಪ್ಯಾನರ್ ಕದ್ದರೆ ನನಗೆ ತಿರುಪು ಸಿಗೋದು ಹೇಗೆ?"

ಮಾತು ಸರಿಯೇ. ನಾನು ಪೆಚ್ಚಾದೆ. ಬೀಗದಣ್ಣ ಮಾತ್ರ ಚೌಕಟ್ಟಿನೊಳಗಿಂದ ಮೂಲೆಯ ಕಡೆ ನೋಡುತ್ತ ತಮ್ಮ ಎಡ ಮೊಣಕೈ ಸವರಿಕೊಂಡರು. ಆ ಕೈ ಪೂರ್ತಿ ನೆಟ್ಟಗಾಗುವುದಿಲ್ಲ. ಬಿಪಿ ನೋಡುವಾಗ ನಾನು ಪರದಾಡಿದ್ದೆ.

"ಸಿಸ್ಟರ್, ನಮ್ಮಮ್ಮನಿಗೆ ಕತ್ತರಿ ಕೊಟ್ಟಿದ್ದು ಯಾರು?"

"ನಾನೇ. ಚೌಕಟ್ಟು ಹಾಕಿದ ಮೇಲೆ ಟೀ ಶರ್ಟು ತಲೆಯಿಂದ ಇಳಿಯಲ್ಲ, ಮುಂದೆ ಸೀಳಿ ಗುಂಡಿ ಇಡ್ತೀನಿ ಅಂದ್ರು."

"ಸರಿ. ಒಂದು ಸೀಳಿದ್ರು, ಅದು ನನ್ನ ಮೈಮೇಲಿದೆ. ಈಗ ಅವರ ಕೈಲಿರೋದು ಎಷ್ಟನೇದು?"

ತಿರುಗಿ ನೋಡಿದೆ. ಬೆಂಚಿನ ಮೇಲೆ ಒಂದು ಗುಂಡಿ ಡಬ್ಬ, ಗುಂಡಿ ಹಾಕಿ ಮಡಚಿಟ್ಟ ಅಂಗಿ ಎರಡು. ಮಡಿಲಲ್ಲಿ ಇನ್ನೊಂದು.

"ನಾಲ್ಕನೇದು," ಎಂದೆ.

"ಇವತ್ತೇ ಬಿಚ್ಚೋ ಚೌಕಟ್ಟಿಗೆ ನಾಲ್ಕು ಅಂಗಿ ಯಾಕೆ ಸೀಳಬೇಕು? ಇದು ನನ್ನ ತಲೇಲಿ ಬಹಳ ದಿನ ಇರಬೇಕು ಅಂದುಕೊಂಡೋರು ಮಾತ್ರ ಹಾಗೆ ಮಾಡ್ತಾರೆ." ಅವರ ದನಿ ಮೆತ್ತಗಾಯಿತು. "ಅಮ್ಮ, ಗುಂಡಿ ಡಬ್ಬ ಕೊಡು."

ಸೂಜಿ ನಿಂತಿತು. ಗುಂಡಿಗಳ ಅಡಿಯಿಂದ ಸ್ಪ್ಯಾನರ್ ಹೊರಗೆ ಬಂತು. ಆ ತಾಯಿಯ ಮುಖದಲ್ಲಿ ನಾಚಿಕೆ ಇರಲಿಲ್ಲ, ಹೆದರಿಕೆ ಇತ್ತು.

"ಗಂಟು ಮುಚ್ಚೋಕೆ ಎರಡು ಮೂರು ವರ್ಷ ಬೇಕು ಅಂತ ಡಾಕ್ಟ್ರೇ ಹೇಳಿದ್ರು. ಮುಚ್ಚೋ ಮುಂಚೆ ಯಾಕೆ ಬಿಚ್ಚಬೇಕು? ಒಂಬತ್ತು ವರ್ಷದವನಿದ್ದಾಗ ಕೈ ಮುರ್ಕೊಂಡ. ತುರಿಸುತ್ತೆ ಅಂತ ಅತ್ತ. ನನಗೆ ತಡೀಲಿಲ್ಲ, ಮೂಳೆ ಕೂಡೋ ಮುಂಚೆ ನಾನೇ ಪ್ಲಾಸ್ಟರ್ ಕತ್ತರಿಸಿಬಿಟ್ಟೆ. ಆ ಕೈ ಇವತ್ತಿಗೂ ಸೊಟ್ಟ. ಕೈ ಸೊಟ್ಟ ಆದ್ರೆ ಬದುಕಬಹುದಮ್ಮ. ತಲೆ?"

ನನ್ನ ಕೋಪ ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತು ವಿವರಿಸಿದೆ. ಇದು ಪ್ಲಾಸ್ಟರಿನಂತಲ್ಲ, ಏನನ್ನೂ ಹಿಡಿದಿಟ್ಟಿಲ್ಲ. ಗುರಿ ತಪ್ಪದಂತೆ ತಲೆ ಅಲುಗದಿರಲಿ ಎಂದು ಹಾಕಿದ್ದು, ಅದರ ಕೆಲಸ ಮುಗಿಯಿತು. ವಿಕಿರಣ ತಾಗಿದ ನಾಳಗಳ ಗೋಡೆ ಇನ್ನು ಒಳಗೊಳಗೇ ದಪ್ಪವಾಗುತ್ತ ತಾನಾಗಿ ಮುಚ್ಚಿಕೊಳ್ಳಬೇಕು. ಅಲ್ಲಿಯವರೆಗೆ ಅಪಾಯ ಪೂರ್ತಿ ಹೋಗುವುದಿಲ್ಲ, ಆಗಾಗ ಸ್ಕ್ಯಾನು ಮಾಡುತ್ತಿರುತ್ತೇವೆ ಎಂಬುದನ್ನೂ ಮುಚ್ಚಿಡಲಿಲ್ಲ. ಬೆಳಿಗ್ಗೆಯೇ ಇಷ್ಟು ಹೇಳಿದ್ದರೆ ಆಗುತ್ತಿತ್ತು. ಕತ್ತರಿ ಕೊಟ್ಟು ಸುಮ್ಮನಾಗಿದ್ದೆ.

ಡಾಕ್ಟರು ಬಂದು ತಿರುಪು ಬಿಚ್ಚಿದರು. ಭಾವನಿಗೆ ತಿರುಪು ಸಿಗಲಿಲ್ಲ. ಅಮ್ಮ ಮಾತ್ರ ಹಟ ಬಿಡಲಿಲ್ಲ. "ಅದು ಬಿಚ್ಚಿದ್ರಿ, ಆಯ್ತು. ಗಂಟು ಮುಚ್ಚೋವರೆಗೂ ಇವನು ಗುಂಡಿ ಅಂಗಿಯೇ ಹಾಕ್ಕೋಬೇಕು. ನನ್ನ ಸಮಾಧಾನಕ್ಕೆ."

ಮಗ ಮಾತು ಮೀರಲಿಲ್ಲ. ಸ್ಕ್ಯಾನಿಗೆಂದು ಬಂದಾಗಲೆಲ್ಲ ಆ ನಾಲ್ಕರಲ್ಲಿ ಒಂದು ಮೈಮೇಲಿರುತ್ತಿತ್ತು, ಸಲದಿಂದ ಸಲಕ್ಕೆ ಬಣ್ಣ ಮಾಸುತ್ತ. ಮೂರನೇ ವರ್ಷದ ಕೊನೆಗೆ ರಕ್ತನಾಳಗಳ ಚಿತ್ರ ತೆಗೆದು ಡಾಕ್ಟರು ಎರಡು ಸಲ ನೋಡಿದರು. ಗಂಟು ಇದ್ದ ಜಾಗದಲ್ಲಿ ಏನೂ ಇರಲಿಲ್ಲ.

ಅಮ್ಮ ಆಚೆ ಬಂದು ನನ್ನೆದುರು ಕೈ ಚಾಚಿದರು.

"ಸಿಸ್ಟರ್, ಆ ಕತ್ತರಿ ಕೊಡಿ. ಗುಂಡಿ ಕೀಳಬೇಕು."