ನಿಲ್ಲಬೇಕಾಗಿದ್ದ ಲಾರಿ

ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಸತ್ಯಾತ್ಮ ಎಂಬವನು ಗಿಂಡಿಯ ಸಂಚಾರ ತನಿಖಾ ಠಾಣೆಗೆ ದೂರು ಕೊಡಲು ಬಂದ. ನುಂಗಂಬಾಕ್ಕಂನ ಒಂದು ಆಡಿಟರ್ ಕಚೇರಿಯಲ್ಲಿ ಅವನಿಗೆ ಕೆಲಸ. ದೂರನ್ನು ತಾನೇ ತಮಿಳಿನಲ್ಲಿ ಬರೆದು ತಂದಿದ್ದ. ಅಂದು ಬೆಳಿಗ್ಗೆ ಎಂಟರ ಹೊತ್ತಿಗೆ ಮೇಲ್ಸೇತುವೆಯಿಂದ ಇಳಿದ ಲಾರಿಯೊಂದು ಬಸ್ ಸ್ಟಾಪಿಗೆ ನುಗ್ಗಿ, ಅಲ್ಲಿ ನಿಂತಿದ್ದ ಅವನ ಹೆಂಡತಿ ಹರಿಪ್ರಿಯಾ ಸತ್ತಿದ್ದಳು. ಅವಳ ಪಕ್ಕದಲ್ಲಿದ್ದ ಒಬ್ಬ ಮುದುಕನೂ ಸತ್ತಿದ್ದ. ಅವನ ಗುರುತು ಇನ್ನೂ ಸಿಕ್ಕಿರಲಿಲ್ಲ.

ಇನ್‌ಸ್ಪೆಕ್ಟರ್ ರಂಜನಿ ದೂರನ್ನು ಓದುತ್ತಿರುವಾಗ ಸತ್ಯಾತ್ಮನ ಫೋನು ರಿಂಗಾಯಿತು. ಅವನು ತಾಯಿಯ ಹತ್ತಿರ ಕನ್ನಡದಲ್ಲಿ, ಹರಿಪ್ರಿಯಾಳಿಗೆ ಸ್ವಲ್ಪ ಪೆಟ್ಟಾಗಿದೆ, ಡಾಕ್ಟರು ನೋಡುತ್ತಿದ್ದಾರೆ ಎಂದು ಸುಳ್ಳು ಹೇಳಿದ. ರಂಜನಿಯ ಮನೆಯವರು ಮೂರು ತಲೆಮಾರಿನಿಂದ ಮದ್ರಾಸಿನವರು. ಅವಳಿಗೂ ಕನ್ನಡ ಮನೆಯೊಳಗಿನ ಭಾಷೆ. ಠಾಣೆಯಲ್ಲಿ ಅದನ್ನು ಕೇಳಿ ಅವಳಿಗೆ ಒಂದು ನಿಮಿಷ ಓದುತ್ತಿದ್ದ ಸಾಲು ತಪ್ಪಿತು.

"ಕೂತ್ಕೊಳ್ಳಿ," ಎಂದು ಕನ್ನಡದಲ್ಲೇ ಹೇಳಿದಳು.

ಅವನು ಕೂರಲಿಲ್ಲ. "ಅವಳು ರೊಂಬ ಜಾಗ್ರತೆ, ಮೇಡಂ. ಬಸ್ ಸ್ಟಾಪಿನ ಪ್ಲಾಟ್‌ಫಾರಂ ಬಿಟ್ಟು ರೋಡಿಗೇ ಇಳಿಯೋಳಲ್ಲ. ಆ ಡ್ರೈವರ್ ಕುಡಿದಿದ್ದನಾ?"

"ಇನ್ನೂ ಗೊತ್ತಿಲ್ಲ. ನೋಡಿ ಹೇಳ್ತೀನಿ."

ಅತಿವೇಗದ, ಅಜಾಗರೂಕ ಚಾಲನೆ ಮತ್ತು ನಿರ್ಲಕ್ಷ್ಯದಿಂದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಯ ಜಾಗದಲ್ಲಿ ಲಾರಿ ಚಾಲಕ ಮಹದೇವನ ಹೆಸರು ಬಂತು. ಇಂಥ ಪ್ರಕರಣಗಳಲ್ಲಿ ಆ ಜಾಗಕ್ಕೆ ಬೇರೆ ಹೆಸರು ಬರುವುದು ಅಪರೂಪ.

ಸ್ಥಳ ಪಂಚನಾಮೆಗೆ ಹೋದಾಗ ಹೆಡ್ ಕಾನ್‌ಸ್ಟೇಬಲ್ ವಿಘ್ನೇಶ್ ಟೇಪು ಹಿಡಿದು ಸೇತುವೆಯ ಇಳಿಜಾರಿನುದ್ದಕ್ಕೂ ನಡೆದ. ಚಕ್ರ ಉಜ್ಜಿದ ಕರಿ ಗೆರೆ ಎಲ್ಲೂ ಇರಲಿಲ್ಲ. ಡ್ರೈವರ್ ನಿದ್ದೆ ಹೋಗಿರಬೇಕು ಎಂಬುದು ವಿಘ್ನೇಶನ ಅಂದಾಜು. ಆದರೆ ಸ್ಟಾಪಿನ ಎದುರಿನ ಟೀ ಅಂಗಡಿಯವನು ಬೇರೆಯೇ ಹೇಳಿದ. ಲಾರಿ ಸೇತುವೆಯ ನೆತ್ತಿಯಿಂದ ಕೆಳಗಿನವರೆಗೂ ಹಾರ್ನ್ ಒತ್ತಿಕೊಂಡೇ ಬಂದಿತ್ತಂತೆ. ಹಾರ್ನ್ ಕೇಳಿ ಸ್ಟಾಪಿನಲ್ಲಿದ್ದ ಏಳೆಂಟು ಜನ ಓಡಿದರು. ಮುದುಕನಿಗೆ ಓಡಲಾಗಲಿಲ್ಲ. ಹರಿಪ್ರಿಯಾ ಓಡಿದವಳು ತಿರುಗಿ ಬಂದು ಅವನ ಕೈ ಹಿಡಿದಿದ್ದಳು.

ಈ ಮಾತನ್ನು ರಂಜನಿ ಪಂಚನಾಮೆಯಲ್ಲಿ ಬರೆಸಿದಳು. ಸತ್ಯಾತ್ಮನಿಗೆ ಹೇಳಬೇಕೋ ಬೇಡವೋ ತಿಳಿಯಲಿಲ್ಲ.

ಮಾರನೆಯ ದಿನ ಮೋಟಾರು ವಾಹನ ನಿರೀಕ್ಷಕರು ಲಾರಿಯ ಕೆಳಗೆ ಮಲಗಿ ಬಹಳ ಹೊತ್ತು ನೋಡಿದರು. ಎದ್ದು ಕೈ ಒರೆಸಿಕೊಂಡು, ಒಂದಲ್ಲ, ಎರಡು ದೋಷ ಇವೆ ಎಂದರು. ರಂಜನಿ ಬಿಡಿಸಿ ಹೇಳಿ ಎಂದಳು. ಏರ್ ಬ್ರೇಕಿನ ಲಾರಿಯಲ್ಲಿ ಚಾಲಕ ಪೆಡಲ್ ತುಳಿದರೆ ಟ್ಯಾಂಕಿನಲ್ಲಿ ತುಂಬಿಟ್ಟ ಗಾಳಿ ಹರಿದುಹೋಗಿ ಚಕ್ರಗಳನ್ನು ಹಿಡಿಸುತ್ತದೆ. ಈ ಲಾರಿಯ ಟ್ಯಾಂಕಿಗೆ ಸೇರುವ ಒಂದು ಪೈಪಿನ ನಟ್ಟು ಸಡಿಲವಾಗಿತ್ತು. ಎಂಜಿನ್ ಓಡುವಾಗ ತುಂಬಿದ ಗಾಳಿ ದಾರಿಯುದ್ದಕ್ಕೂ ಸೋರಿ, ಪ್ರತಿ ಸಿಗ್ನಲ್ಲಿನಲ್ಲಿ ಬ್ರೇಕ್ ತುಳಿದಾಗ ಇನ್ನಷ್ಟು ಖರ್ಚಾಗಿ, ಸೇತುವೆಗೆ ಬರುವ ಹೊತ್ತಿಗೆ ಮುಗಿದಿರಬೇಕು.

"ಗಾಳಿ ಮುಗಿದರೆ ಬ್ರೇಕೇ ಇಲ್ಲವಾ?" ಎಂದು ವಿಘ್ನೇಶ್ ಕೇಳಿದ.

ಹಾಗಲ್ಲ, ಗಾಳಿ ಮುಗಿದರೆ ಲಾರಿ ನಿಲ್ಲಲೇಬೇಕು ಎಂದರು ನಿರೀಕ್ಷಕರು. ಹಿಂದಿನ ಚಕ್ರಗಳ ಬಳಿ ಉಕ್ಕಿನ ಡಬ್ಬಿಗಳಿರುತ್ತವೆ, ಅವುಗಳೊಳಗೆ ದಪ್ಪ ಸ್ಪ್ರಿಂಗು. ಆ ಸ್ಪ್ರಿಂಗನ್ನು ಅದುಮಿ ಹಿಡಿದಿರುವುದೇ ಗಾಳಿ. ಗಾಳಿ ಇಳಿಯಿತೆಂದರೆ ಸ್ಪ್ರಿಂಗು ತಾನಾಗಿ ಚಾಚಿಕೊಂಡು ಚಕ್ರವನ್ನು ಬಿಗಿಯುತ್ತದೆ. ಚಾಲಕನಿಗೆ ಮೂರ್ಛೆ ಬಂದಿದ್ದರೂ ಬಿಗಿಯುತ್ತದೆ. ಆದರೆ ಡಬ್ಬಿಯ ಹಿಂದೆ ಒಂದು ಬೋಲ್ಟು ಇರುತ್ತದೆ. ಅದನ್ನು ತಿರುಗಿಸಿದರೆ ಸ್ಪ್ರಿಂಗನ್ನು ಕಟ್ಟಿಹಾಕಿದ ಹಾಗೆ. ದಾರಿಯಲ್ಲಿ ಕೆಟ್ಟು ನಿಂತ ಗಾಡಿಯನ್ನು ಶೆಡ್ಡಿಗೆ ಎಳೆದೊಯ್ಯಲಿಕ್ಕೆಂದು ಮಾಡಿದ ಏರ್ಪಾಡು ಅದು. ಈ ಲಾರಿಯಲ್ಲಿ ನಾಲ್ಕು ಬೋಲ್ಟುಗಳನ್ನೂ ಪೂರ್ತಿ ಎಳೆದು ಬಿಗಿಯಲಾಗಿತ್ತು.

"ಎರಡೂ ಒಬ್ಬರೇ ಮಾಡಿದ್ದಾ?" ಎಂದು ರಂಜನಿ ಕೇಳಿದಳು.

ಇರಲಾರದು ಎಂದರು ನಿರೀಕ್ಷಕರು. ಬೋಲ್ಟುಗಳ ಮೇಲೆ ತಿಂಗಳುಗಟ್ಟಲೆಯ ತುಕ್ಕು, ಕೆಸರು. ಪೈಪಿನ ಹಿತ್ತಾಳೆ ನಟ್ಟಿನ ಮೇಲೆ ಹೊಸದಾಗಿ ಹೊಳೆಯುವ ಗೀರುಗಳು, ಪಾನಾದ ಹಲ್ಲಿನ ಗುರುತು. ಮೆಕ್ಯಾನಿಕ್ ಯಾರೂ ಹಿತ್ತಾಳೆ ನಟ್ಟಿಗೆ ಹಲ್ಲಿರುವ ಪೈಪ್ ಪಾನಾ ಹಾಕುವುದಿಲ್ಲ.

ಮಹದೇವ ಕೀಲ್ಪಾಕ್ಕಿನ ಆಸ್ಪತ್ರೆಯಲ್ಲಿದ್ದ. ಬಲಗಾಲನ್ನು ಮೊಣಕಾಲಿನ ಮೇಲೆ ತೆಗೆದಿದ್ದರು. ಚಾಮರಾಜನಗರದ ಕಡೆಯವನು, ಕನ್ನಡ ಕೇಳಿದ ಕೂಡಲೇ ರಂಜನಿಯ ಮುಖ ನೋಡಿ ಅತ್ತ. ಸತ್ತವರು ಎಷ್ಟು ಜನ ಎಂದು ಕೇಳಿದ. ಅವಳು ಹೇಳಿದಳು. ರಕ್ತದಲ್ಲಿ ಮದ್ಯವಿಲ್ಲ ಎಂಬ ವರದಿ ಆಗಲೇ ಅವಳ ಕೈಯಲ್ಲಿತ್ತು.

"ಸೇತುವೆ ಮೇಲೆ ಏನಾಯ್ತು?"

"ಬ್ರೇಕ್ ತುಳ್ದಿ ಕನವ್ವ, ಹಿಡೀನಿಲ್ಲ. ಕೈಬ್ರೇಕ್ ಎಳ್ದಿ. ಅದು ಎಳುದ್ರೂ ಒಂದೇ ಬುಟ್ರೂ ಒಂದೇ, ನಂಗೇ ಗೊತ್ತಿತ್ತು. ಆದ್ರೂ ಎಳ್ದಿ."

"ಗೊತ್ತಿತ್ತು ಅಂದ್ರೆ?"

ದೀಪಾವಳಿಗೆ ಮುಂಚೆ ಹಿಂದಿನ ಬ್ರೇಕುಗಳು ಬಿಡದೆ ಹಿಡಿದುಕೊಳ್ಳತೊಡಗಿದ್ದವಂತೆ. ಡೀಸೆಲ್ ಜಾಸ್ತಿ ಕುಡಿಯುತ್ತದೆ, ಟೈರು ಸವೆಯುತ್ತದೆ, ಹೊಸ ಸ್ಪ್ರಿಂಗ್ ಡಬ್ಬಿ ಬರುವವರೆಗೆ ಓಡಿಸು ಎಂದು ಮಾಲೀಕರು ಬೋಲ್ಟು ಎಳೆಸಿದರು. ಡಬ್ಬಿ ಬರಲೇ ಇಲ್ಲ. ಯಾರ್ಡಿನ ಇನ್ನೂ ಮೂರ್ನಾಲ್ಕು ಗಾಡಿಗಳು ಹಾಗೆಯೇ ಓಡುತ್ತಿವೆ ಎಂದ.

"ಗಾಳಿ ಕಮ್ಮಿ ಆದ್ರೆ ಬಜರ್ ಕೂಗಬೇಕಲ್ಲ?"

ಮಹದೇವ ಗೋಡೆಯ ಕಡೆ ತಿರುಗಿದ. "ಅದ್ರ ವೈರ ನಾನೇ ಕಿತ್ತಾಕಿದ್ದಿ. ದಿನಾ ಬೆಳಗ್ಗೆ ಕುಯ್ಯೋ ಅಂತ ಕೂಗದು, ತಲೆ ಕೆಡದು. ಗಾಳಿ ಮೀಟರ್‌ನ ಮುಳ್ಳು ಮೊದ್ಲೇ ನಿಂತೋಗಿತ್ತು. ಬರ್ಕೊಳಿ ಅವ್ವ. ನಾನು ಇಲ್ಲ ಅನ್ನಕ್ಕಿಲ್ಲ."

ಅವಳು ಬರೆದುಕೊಂಡಳು. ಹೊರಗೆ ಬಂದ ಮೇಲೆ ವಿಘ್ನೇಶ್, ಇವನನ್ನು ಬೈಯಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ ಎಂದ.

ಲಾರಿ ಕಂಪನಿಯ ಯಾರ್ಡು ಗಿಂಡಿ ಕೈಗಾರಿಕಾ ಪ್ರದೇಶದ ಹಿಂಬದಿಯಲ್ಲಿತ್ತು. ಒಂದೇ ಗೇಟು, ಒಂದರ ಹಿಂದೆ ಒಂದು ಲಾರಿ. ಮಹದೇವನ ಲಾರಿ ಗುರುವಾರ ಎಲ್ಲಕ್ಕಿಂತ ಮುಂದೆ ನಿಂತಿತ್ತು. ಬೆಳಿಗ್ಗೆ ಚಾಲಕರು ಬರುವ ಮುಂಚೆ ಒಳಗೆ ಹೋದವರು ಯಾರು ಎಂದು ಕೇಳಿದ್ದಕ್ಕೆ ಕಾವಲುಗಾರ, ಹೊರಗಿನವರು ಯಾರೂ ಇಲ್ಲ, ಹೋಟೆಲಿನವರು ಒಬ್ಬರೇ ಎಂದ. ಪಕ್ಕದ ಬೀದಿಯ ಉಡುಪಿ ಹೋಟೆಲಿನಿಂದ ಚಾಲಕರಿಗೆ ದಿನವೂ ಇಡ್ಲಿ, ಕಾಫಿ ಬರುತ್ತಿತ್ತು. ಗೇಟಿನ ಕ್ಯಾಮೆರಾದಲ್ಲಿ ಹೋಟೆಲಿನ ಮ್ಯಾನೇಜರ್ ಕಾಂತಪ್ಪ ತಿಂಡಿ ಡಬ್ಬಿಗಳನ್ನು ಹೊತ್ತು ಒಳಗೆ ಹೋಗುವುದು ಕಂಡಿತು. ಬೇರೆ ದಿನಗಳಿಗಿಂತ ತಡವಾಗಿ ಅವನು ಹೊರಗೆ ಬಂದಿದ್ದ.

ಮ್ಯಾನೇಜರೇ ಯಾಕೆ ಡಬ್ಬಿ ಹೊರುತ್ತಾನೆ ಎಂದು ರಂಜನಿ ಕೇಳಿದಳು. ಮೊದಲು ಸಪ್ಲೈಯರ್‌ಗಳು ತರುತ್ತಿದ್ದರು, ಮಗಳು ಹೋದ ಮೇಲೆ ಅವರೇ ಬರತೊಡಗಿದರು ಎಂದ ಕಾವಲುಗಾರ. ಮಗಳು ಹೇಗೆ ಹೋದಳೆಂದು ಕೇಳಿದಾಗ ಅವನು ತಲೆ ತಗ್ಗಿಸಿ, ನಮ್ಮ ಲಾರಿಯೇ ಎಂದ.

ಠಾಣೆಯಲ್ಲಿ ಹಳೆಯ ಕಡತ ಸಿಕ್ಕಿತು. ಪ್ರಣಮ್ಯಾ, ಹತ್ತೊಂಬತ್ತು ವರ್ಷ, ಕಾಲೇಜಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದಾಗ ಇದೇ ಕಂಪನಿಯ ಲಾರಿ ಹಿಂದಿನಿಂದ ಬಡಿದಿತ್ತು. ಬ್ರೇಕು ಸರಿ ಇದೆ ಎಂಬ ವರದಿ, ಚಾಲಕನ ಮೇಲೆ ಆರೋಪಪಟ್ಟಿ. ಸತ್ತ ದಿನಾಂಕ ನೋಡಿದಾಗ ರಂಜನಿಯ ಬೆರಳು ಅಲ್ಲೇ ನಿಂತಿತು. ಗುರುವಾರಕ್ಕೆ ಸರಿಯಾಗಿ ಒಂದು ವರ್ಷವಾಗಿತ್ತು.

ಹೋಟೆಲಿನವನಿಗೆ ಏರ್ ಬ್ರೇಕಿನ ವಿಷಯ ಹೇಗೆ ಗೊತ್ತು ಎಂಬುದಕ್ಕೆ ಇನ್ನೊಂದು ಹೇಳಿಕೆ ಬೇಕಾಗಿತ್ತು. ಜನವರಿಯಲ್ಲಿ ಯಾರ್ಡಿನಲ್ಲಿ ಚಾಲಕರಿಗೆ ಏರ್ ಬ್ರೇಕ್ ಸುರಕ್ಷತೆಯ ತರಗತಿ ನಡೆದಿತ್ತು. ಪಾಠ ಮಾಡಿದವರು ಫೋನಿನಲ್ಲಿ ಸಿಕ್ಕರು. ಚಾಲಕರಲ್ಲಿ ಅರ್ಧ ಜನ ತೂಕಡಿಸಿದರು, ತಿಂಡಿ ತಂದಿದ್ದ ಹೋಟೆಲಿನವರು ಮಾತ್ರ ಹಿಂದಿನ ಬೆಂಚಿನಲ್ಲಿ ಕೂತು ಕೊನೆಯವರೆಗೆ ಕೇಳಿದರು ಎಂದರು. ಗಾಳಿ ಪೂರ್ತಿ ಹೋದರೆ ಗಾಡಿ ಖಂಡಿತ ಕದಲುವುದಿಲ್ಲವೋ ಎಂದು ಎರಡು ಸಲ ಕೇಳಿದರಂತೆ. ಖಂಡಿತ ಕದಲುವುದಿಲ್ಲ ಎಂದು ಇವರು ಎರಡು ಸಲವೂ ಹೇಳಿದ್ದರು.

ಶನಿವಾರ ಮಧ್ಯಾಹ್ನ, ಊಟದ ಗದ್ದಲ ಇಳಿದ ಮೇಲೆ ರಂಜನಿ ವಿಘ್ನೇಶನೊಂದಿಗೆ ಹೋಟೆಲಿಗೆ ಹೋದಳು. ಕಾಂತಪ್ಪ ಐವತ್ತು ದಾಟಿದ ಮನುಷ್ಯ, ಬಿಳಿ ಅಂಗಿ, ಬಿಳಿ ಪಂಚೆ. ಅವರನ್ನು ಕಂಡವನೇ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಬಂದು ಒಳಗಿನ ಮೇಜು ತೋರಿಸಿದ. ಅಡುಗೆಮನೆಯ ಗ್ಯಾಸಿನ ಪೈಪು ಬಿಗಿಯುವ ಪಾನಾ ನೋಡಬೇಕು ಎಂದಳು. ಅವನು ತಾನೇ ಹೋಗಿ ತಂದು ಮೇಜಿನ ಮೇಲಿಟ್ಟ. ಅದರ ಹಲ್ಲುಗಳ ಸಂದಿಯಲ್ಲಿ ಹಿತ್ತಾಳೆಯ ಹಳದಿ ಪುಡಿ ಹಾಗೇ ಇತ್ತು. ಒರೆಸುವ ಯೋಚನೆ ಕೂಡ ಅವನು ಮಾಡಿರಲಿಲ್ಲ.

"ನಟ್ಟು ಸಡಿಲ ಮಾಡಿದ್ದು ನೀವಾ?"

"ಹೌದು."

"ಯಾಕೆ?"

"ಒಂದು ದಿನಕ್ಕೆ, ಮೇಡಂ. ಅವಳು ಹೋಗಿ ವರ್ಷ ಆದ ದಿನ. ಅದೊಂದು ದಿನ ಆ ಗೇಟಿಂದ ಲಾರಿ ಹೊರಗೆ ಬರುದು ಬೇಡ ಅಂತ. ಎದುರಿನದ್ದು ಕದಲದಿದ್ರೆ ಹಿಂದಿನದ್ದು ಯಾವುದೂ ಬರ್ಲಿಕ್ಕೆ ಆಗುದಿಲ್ಲ ಅಲ್ವಾ."

ಅದಕ್ಕೆ ಮುಂಚೆ ಮೂರು ಕಡೆ ಅರ್ಜಿ ಕೊಟ್ಟಿದ್ದೆ ಎಂದ. ಆ ಕಂಪನಿಯ ಗಾಡಿಗಳ ಬ್ರೇಕು ನೋಡಿ ಎಂದು ಕೇಳಿಕೊಂಡಿದ್ದ. ಯಾರೂ ಬರಲಿಲ್ಲ. ದಿನವೂ ಬೆಳಿಗ್ಗೆ ಡಬ್ಬಿ ಹೊತ್ತು ಯಾರ್ಡಿಗೆ ಹೋಗುತ್ತಿದ್ದದ್ದು ಏನನ್ನೂ ಮಾಡಲಿಕ್ಕಲ್ಲ. ಮಗಳಿಗೆ ಬಡಿದ ಲಾರಿ ಅಲ್ಲೇ ನಿಂತಿರುತ್ತಿತ್ತು, ಅದನ್ನು ನೋಡದೆ ಇರಲು ಆಗುತ್ತಿರಲಿಲ್ಲ. ಮನೆಯಲ್ಲಿ ಹೆಂಡತಿ ಅಮ್ಮಣ್ಣಿ ಮಾತು ಬಿಟ್ಟು ತಿಂಗಳುಗಳಾಗಿದ್ದವು. ಇಷ್ಟನ್ನೂ ಅವನು ದನಿ ಏರಿಸದೆ, ಹೋಟೆಲಿನ ಲೆಕ್ಕ ಒಪ್ಪಿಸುವವನಂತೆ ಹೇಳಿದ. ಆಮೇಲೆ ಮೊದಲ ಸಲ ಅವಳ ಮುಖವನ್ನು ನೇರವಾಗಿ ನೋಡಿದ.

"ಎರಡು ದಿನದಿಂದ ನಾನು ಅದನ್ನೇ ಯೋಚನೆ ಮಾಡುದು. ಗಾಳಿ ಹೋದ್ರೆ ಗಾಡಿ ನಿಲ್ತದೆ. ನಿಲ್ಲಲೇಬೇಕು. ಅದು ಎಂತಕ್ಕೆ ನಿಲ್ಲಲಿಲ್ಲ, ಮೇಡಂ?"

ಹೇಳುವುದು ಕನಿಕರವೋ, ಹೇಳದಿರುವುದು ಕನಿಕರವೋ ಎಂದು ರಂಜನಿಗೆ ತೋಚಲಿಲ್ಲ. ಕೊನೆಗೆ ಬೋಲ್ಟುಗಳ ವಿಷಯ ಹೇಳಿದಳು. ಅವನು ಮಧ್ಯೆ ಬಾಯಿ ಹಾಕದೆ ಕೇಳಿದ.

"ಎಷ್ಟು ಸಮಯದಿಂದ?"

"ದೀಪಾವಳಿಗೆ ಮುಂಚಿಂದ."

"ಹಾಗಾದ್ರೆ ಕ್ಲಾಸಿನ ದಿನವೂ ಹಾಗೇ ಇತ್ತು." ಅವನು ಮೇಜಿನ ಮೇಲಿನ ಲೋಟವನ್ನು ಸುಮ್ಮನೆ ಸರಿಸಿದ. "ಅದೇ ಗಾಡಿಯ ನೆರಳಲ್ಲಿ ಕೂತು ಕೇಳಿದ್ದು ನಾನು." ಆಮೇಲೆ ಕೇಳಿದ: "ಆ ಹೆಂಗಸಿಗೆ ಮಕ್ಕಳು ಉಂಟಾ?"

"ಒಬ್ಬಳು ಮಗಳು. ಏಳನೇ ಕ್ಲಾಸು."

ಕಾಂತಪ್ಪ ಎದ್ದು ನಿಂತ. ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ಸಪ್ಲೈಯರ್ ಒಬ್ಬನ ಕೈಗೆ ಕೊಟ್ಟು, ಮನೆಗೆ ತಾನೇ ತಿಳಿಸುತ್ತೇನೆ, ಐದು ನಿಮಿಷ ಬಿಡಿ ಎಂದ. ಫೋನಿನಲ್ಲಿ ಅಮ್ಮಣ್ಣಿಗೆ ಎಲ್ಲವನ್ನೂ ಹೇಳಿದ. ಆ ಕಡೆಯಿಂದ ಮಾತು ಬಂದ ಹಾಗೆ ಕಾಣಲಿಲ್ಲ. ಪಂಚರ ಮುಂದೆ ಪಾನಾ ವಶಪಡಿಸಿಕೊಂಡು, ಸಂಜೆ ನಾಲ್ಕಕ್ಕೆ ಬಂಧನವನ್ನು ದಾಖಲಿಸಿದರು. ಕೊಲೆಯಲ್ಲದ ನರಹತ್ಯೆಯ ಕಲಮನ್ನು ಸೇರಿಸಲಾಯಿತು.

ಕತ್ತಲಾಗುವ ಮುಂಚೆಯೇ ಲಾರಿ ಮಾಲೀಕನ ವಕೀಲರು ಠಾಣೆಗೆ ಬಂದರು. ರಂಜನಿ ಆಗಲೇ ಮಾಲೀಕನನ್ನೂ ಆರೋಪಿಗಳ ಸಾಲಿಗೆ ಸೇರಿಸಿದ್ದಳು. ವಕೀಲರು ನಯವಾಗಿ ಮಾತಾಡಿದರು. ಹೊರಗಿನವನೊಬ್ಬ ದ್ವೇಷದಿಂದ ಬ್ರೇಕು ಕೆಡಿಸಿದ್ದು ಸಾಬೀತಾಗಿದೆ. ತಮ್ಮ ಕಕ್ಷಿದಾರರೂ ಒಬ್ಬ ಸಂತ್ರಸ್ತರೇ. ಇಷ್ಟು ಬೇಗ ಅಪರಾಧಿಯನ್ನು ಹಿಡಿದದ್ದಕ್ಕೆ ಕಂಪನಿ ಇಲಾಖೆಗೆ ಋಣಿ. ಬೋಲ್ಟುಗಳ ಮಾತೆತ್ತಿದಾಗ, ಅದು ಚಾಲಕ ತನ್ನ ಅನುಕೂಲಕ್ಕೆ ಮಾಡಿಕೊಂಡಿರಬೇಕು, ಬಜರಿನ ವೈರು ಕಿತ್ತವನು ಅವನೇ ತಾನೆ ಎಂದರು. ಅವರು ಹೋಗುವವರೆಗೆ ರಂಜನಿ ಕಾದಳು. ತಾನು ಹುಡುಕಿದ ಒಂದೊಂದು ಸತ್ಯವೂ ಈ ಮನುಷ್ಯನ ಫೈಲಿಗೆ ಹೋಗಿ ಸೇರಿದೆ ಎಂದು ಅವಳಿಗೆ ಅನಿಸಿತು. ಯಾರ್ಡಿನ ಉಳಿದ ಲಾರಿಗಳನ್ನು ಪರೀಕ್ಷಿಸಬೇಕೆಂದು ಅವಳು ಕಳಿಸಿದ ಕೋರಿಕೆಗೆ, ಕಂಪನಿಗೆ ಮುಂಗಡ ನೋಟಿಸು ಕೊಟ್ಟು ಮುಂದಿನ ತಿಂಗಳು ಬರುತ್ತೇವೆ ಎಂದು ಸಾರಿಗೆ ಇಲಾಖೆಯಿಂದ ಉತ್ತರ ಬಂದಿತ್ತು.

ಸತ್ಯಾತ್ಮನಿಗೆ ಅವಳೇ ಫೋನು ಮಾಡಿದಳು. ಬಂಧನದ ವಿಷಯ, ಕಾಂತಪ್ಪ ಯಾರೆಂಬ ವಿಷಯ ಹೇಳಿದಳು. ಹರಿಪ್ರಿಯಾ ತಿರುಗಿ ಬಂದು ಮುದುಕನ ಕೈ ಹಿಡಿದದ್ದನ್ನೂ ಹೇಳಿದಳು.

"ಆ ಕಾಂತಪ್ಪನ ಮಗಳಿಗೆ ಎಷ್ಟು ವಯಸ್ಸಾಗಿತ್ತು?" ಎಂದು ಅವನು ಕೇಳಿದ.

"ಹತ್ತೊಂಬತ್ತು."

ಅವನು ಫೋನು ಇಟ್ಟ. ಮುದುಕನ ಗುರುತು ಸಿಗಲೇ ಇಲ್ಲ. ಕೆಲವು ದಿನ ಕಾದು ಆ ಶವವನ್ನು ಪಾಲಿಕೆಯವರಿಗೆ ಒಪ್ಪಿಸಿದರು.

ಭಾನುವಾರ ಬೆಳಿಗ್ಗೆ ಕಾಂತಪ್ಪನನ್ನು ಸೈದಾಪೇಟೆಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಜೀಪು ಹೊರಟಿತು. ರಂಜನಿ ಮುಂದೆ ಕೂತಿದ್ದಳು. ಹಿಂದೆ ವಿಘ್ನೇಶನ ಪಕ್ಕದಲ್ಲಿ ಕಾಂತಪ್ಪ, ಮಡಿಲಲ್ಲಿ ಕೈ. ಸಿಗ್ನಲ್ಲಿನಲ್ಲಿ ಒಂದು ಲಾರಿ ಜೀಪಿನ ಬೆನ್ನಿಗೇ ಬಂದು ನಿಂತಿತು. ಚಾಲಕ ಕೈಬ್ರೇಕ್ ಎಳೆದ. ಬುಸ್ಸೆಂದು ಗಾಳಿ ಹೊರಬಿದ್ದ ಸದ್ದು ಬಂತು. ಕಾಂತಪ್ಪ ಬೆಚ್ಚಿ ತಿರುಗಿ ನೋಡಿದ. ಗಾಳಿ ಹೊರಗೆ ಹೋದದ್ದು ಅದು, ಇನ್ನು ಸ್ಪ್ರಿಂಗು ಹಿಡಿಯಬೇಕು ಎಂದು ವಿಘ್ನೇಶನಿಗೆ ತಮಿಳಿನಲ್ಲಿ ವಿವರಿಸಿದ. ಆಮೇಲೆ ಮುಂದಕ್ಕೆ ಬಾಗಿ ರಂಜನಿಯನ್ನು ಕನ್ನಡದಲ್ಲಿ ಕೇಳಿದ.

"ಬೋಲ್ಟು ಎಳೆದಿದ್ರೂ ಈ ಶಬ್ದ ಬರ್ತದಲ್ವಾ, ಮೇಡಂ?"

"ಬರುತ್ತೆ."

"ಹಾಗಾದ್ರೆ ಸ್ಪ್ರಿಂಗು ಹಿಡಿದಿದೆಯಾ ಇಲ್ವಾ ಅಂತ ಹೊರಗೆ ನಿಂತವರಿಗೆ ಗೊತ್ತಾಗುದು ಹೇಗೆ?"

ರಂಜನಿ ಕನ್ನಡಿಯಲ್ಲಿ ಹಿಂದಿನ ಲಾರಿಯನ್ನು ನೋಡಿದಳು. ಸಿಗ್ನಲ್ ಹಸಿರಾಯಿತು. ಲಾರಿ ಹಿಂದೆಯೇ ಬರುತ್ತಿತ್ತು.