ದುರುಗಕ್ಕನ ಕ್ರಯಪತ್ರ

ಪತ್ರಬರಹಗಾರ ಪ್ರಭು ಮೇಜಿನ ಡ್ರಾ ಎಳೆದವನು ಹಾಗೆಯೇ ನಿಂತುಬಿಟ್ಟ. ಡ್ರಾ ಖಾಲಿ. ದುರುಗಕ್ಕನ ಕ್ರಯಪತ್ರ ಅದರಲ್ಲಿರಲಿಲ್ಲ.

"ನಿನ್ನೆ ಸಂಜೆ ಇಲ್ಲೇ ಇಟ್ಟಿದ್ದೆ ಕಣಕ್ಕ."

"ಇಟ್ಟಿದ್ದು ಎದ್ದು ಹೋಗಾಕೆ ಅದಕ್ಕೇನು ಕಾಲು ಬಂದ್ವಾ?" ಎಂದಳು ದುರುಗಕ್ಕ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದವರು ಚಳ್ಳಕೆರೆಯಲ್ಲಿ ಕಟ್ಟಿದ ಮನೆ ಕೊಂಡು ನೋಡಿರಲಿಲ್ಲ. ಮನೆಯ ಬೆಲೆಗೆ ಬಾಲ ಬೇರೆ — ಛಾಪಾ ಕಾಗದ, ನೋಂದಣಿ ಶುಲ್ಕ, ಬರಹದ ಕೂಲಿ, ಬ್ರೋಕರ್ ಕಮಿಷನ್. ಆಗಿನ್ನೂ ತೊಂಬತ್ತೇಳನೇ ಇಸವಿ. ಖಜಾನೆಯಿಂದ ತಂದ ಛಾಪಾ ಕಾಗದದ ಮೇಲೆಯೇ ಪತ್ರ ಟೈಪಾಗಬೇಕು. ಕಂಬಳಿ ಮಾರುವ ದುರುಗಕ್ಕ ಕೈಯಲ್ಲಿದ್ದುದನ್ನೆಲ್ಲ ಆ ಬಾಲಕ್ಕೆಂದೇ ಎಣಿಸಿಟ್ಟಿದ್ದಳು. ಇನ್ನೊಮ್ಮೆ ಛಾಪಾ ಕಾಗದ ಕೊಳ್ಳಲು ಕಾಸೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಉಣ್ಣೆ ನಾರುತ್ತದೆ ಎಂದು ಬಾಡಿಗೆ ಮನೆಯವರು ಒಬ್ಬರಾದ ಮೇಲೊಬ್ಬರು ಅವಳನ್ನು ಎಬ್ಬಿಸಿದ್ದರು. ಇನ್ನು ಯಾರೂ ಎಬ್ಬಿಸಬಾರದು — ಅದೊಂದೇ ಅವಳ ಹಟ. ಆದರೆ ಕರಾರಿನ ಗಡುವು ಇವತ್ತಿಗೇ ಮುಗಿಯುತ್ತಿತ್ತು. ನೋಂದಣಿ ಆಗದಿದ್ದರೆ ಮನೆಯೂ ಇಲ್ಲ, ಕೊಟ್ಟ ಮುಂಗಡವೂ ಇಲ್ಲ.

ಬ್ರೋಕರ್ ಹುಲಿಯಪ್ಪ ಲೊಚಗುಟ್ಟಿದ. "ಹಣೇಬರ ಅಕ್ಕಾ, ಏನ್ಮಾಡೋದು? ಈ ಪ್ರಭು ಬಾಗಿಲು ತೆಗೆದಿಟ್ಟು ಟೀ ಕುಡಿಯಾಕೆ ಹೋಗೋನು. ಬಿಡು, ಬೇರೆ ಮನೆ ತೋರಿಸ್ತೀನಿ. ಕಮಿಷನ್ ಕಮ್ಮಿ ಮಾಡ್ಕೊಂತೀನಿ."

"ಬಿಡಾಕೆ ನಾ ಬಂದಿಲ್ಲ."

ಅವಳು ರಸ್ತೆ ದಾಟಿ ಟೀ ಅಂಗಡಿಯಿಂದ ದಫೇದಾರ ಜುಂಜಪ್ಪನನ್ನು ಎಬ್ಬಿಸಿಕೊಂಡು ಬಂದಳು. ಜುಂಜಪ್ಪ ಪೊಲೀಸು ಕೆಲಸದಿಂದ ನಿವೃತ್ತನಾಗಿದ್ದ. ಅನುಮಾನ ಪಡುವ ಕೆಲಸದಿಂದ ಆಗಿರಲಿಲ್ಲ.

"ನಿನ್ನೆ ಇಲ್ಲಿಗೆ ಬಂದೋರು ಯಾರ್ಯಾರು?"

"ನಾನು, ಹುಲಿಯಪ್ಪ, ಮನೆ ಮಾರೋ ನಾಗೇಂದ್ರಪ್ಪಾರು," ಎಂದಳು ದುರುಗಕ್ಕ. ಮೂಲೆಯಲ್ಲಿ ಹೆಂಡತಿಯೊಂದಿಗೆ ಕೂತಿದ್ದ ನಾಗೇಂದ್ರಪ್ಪ ತಲೆಯಾಡಿಸಿದ.

"ಡ್ರಾಕ್ಕೆ ಬೀಗ?"

"ಇಲ್ಲ ಸಾರ್," ಎಂದ ಪ್ರಭು, ತಲೆ ತಗ್ಗಿಸಿ.

"ಹಂಗಾದ್ರೆ ಯಾರ್ ಬೇಕಾದ್ರೂ ತಗೀಬೌದು. ದುರುಗಕ್ಕಾ, ಇಲ್ಲಿಂದ ನೀನು ಎಲ್ಲಿಗೋದೆ?"

"ಬಸ್ ಸ್ಟ್ಯಾಂಡಿಗೆ. ಅಲ್ಲಿ ಹೋಟ್ಲಾಗೆ ಹುಲಿಯಪ್ಪ ಮೊಳಕಾಲ್ಮೂರಿನ ಸೀರೆ ಸಾವ್ಕಾರ್ರ ಜತೆ ಟವಲ್ ಕೆಳಗೆ ಕೈ ಹಾಕ್ಕೊಂಡು ಕುಂತಿದ್ದ. ಯಾಪಾರದಾಗೆ ಅದಾನೆ ಅಂತ ಮಾತಾಡಿಸ್ಲಿಲ್ಲ."

ಅದು ಕುರಿಸಂತೆಯ ಪದ್ಧತಿ. ಸುತ್ತಲಿನವರಿಗೆ ಬೆಲೆ ಗೊತ್ತಾಗದಂತೆ ಟವಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರೆ. ಮನೆ ದಲ್ಲಾಳಿಯಾಗುವ ಮೊದಲು ಹುಲಿಯಪ್ಪ ಕುರಿ ದಲ್ಲಾಳಿಯಾಗಿದ್ದ.

"ಹಳೇ ಕಸುಬು ಸಾರ್," ಎಂದು ನಕ್ಕ ಹುಲಿಯಪ್ಪ. "ಸಾವ್ಕಾರ್ರಿಗೆ ಕುರಿ ಬೇಕಿತ್ತು."

ಜುಂಜಪ್ಪ ನಾಗೇಂದ್ರಪ್ಪನ ಕಡೆ ತಿರುಗಿದ. "ಗಡುವು ಮುಗಿದ್ರೆ ಮುಂಗಡ ನಿಮ್ಮದೇ ಅಲ್ವೇನ್ರಿ?"

"ಹೌದ್ರಿ. ಅದಕ್ಕೇನಾ ನಾನು ಬೆಳಿಗ್ಗೆನೇ ಹೆಂಡ್ತಿ ಸಮೇತ ಸಹಿ ಹಾಕಾಕೆ ಬಂದು ಕುಂತಿರೋದು?"

"ಪ್ರಭು, ನಿನ್ನ ಕೂಲಿ?"

"ನೋಂದಣಿ ಆದ ಮೇಲೆ ಸಾರ್. ಇನ್ನೂ ಒಂದು ಪೈಸೆ ಬಂದಿಲ್ಲ."

ಜುಂಜಪ್ಪ ಗಡ್ಡ ಕೆರೆದುಕೊಂಡ. "ಅಲ್ಲಲೇ ಹುಲಿಯಪ್ಪ, ಆ ಕುರಿಗೆ ಎಷ್ಟು ಹಲ್ಲು ಆಗಿದ್ವು?"

"ಹಲ್ಲು... ನೋಡ್ಲಿಲ್ಲ ಸಾರ್. ಕುರಿ ದೇವಸಮುದ್ರದ ಹಟ್ಟಿಯಾಗೆ ಅದಾವೆ."

"ಬೆನ್ನು ಹಿಡಿದು ನೋಡಿದ್ಯಾ?"

"ಇಲ್ಲ."

"ವಯಸ್ಸಿಗೆ ಹಲ್ಲು ನೋಡ್ಲಿಲ್ಲ, ಮಾಂಸಕ್ಕೆ ಬೆನ್ನು ಹಿಡೀಲಿಲ್ಲ. ಬೆಲೆ ಮಾತ್ರ ಕಟ್ಟಿದೆ. ಕಣ್ಣಿಗೆ ಕಾಣದ ಕುರಿಗೆ ಬೆರಳು ಹಿಡಿಯೋ ದಲ್ಲಾಳಿನ ನಾನು ಈ ಸೀಮೆಯಾಗೇ ಕಂಡಿಲ್ಲ."

ಹುಲಿಯಪ್ಪನ ನಗು ಇಂಗಿತು. ಅಷ್ಟರಲ್ಲಿ ನಾಗೇಂದ್ರಪ್ಪ ಎದ್ದು ನಿಂತ. "ಆ ಸಾವ್ಕಾರ್ರನ್ನ ಹೋದ ವಾರ ಇವನೇ ನಮ್ಮನೆಗೆ ಕರ್ಕೊಂಡು ಬಂದಿದ್ದ. ಜಾಸ್ತಿ ಕೊಡ್ತಾರೆ ಅಂದ. ದುರುಗಕ್ಕಂಗೆ ಮಾತು ಕೊಟ್ಟೀನಿ, ಗಡುವು ಮುಗಿಯೋವರ್ಗೂ ಆಗಲ್ಲ ಅಂದೆ. ಅದಕ್ಕೆ ಕಳ್ಳತನ ಮಾಡ್ತಾನೆ ಅಂತ ನಂಗೆ ಹೊಳೀಲಿಲ್ಲ."

"ಅಲ್ಲಿಗಾಯ್ತು," ಎಂದ ಜುಂಜಪ್ಪ. "ನಾವೆಲ್ಲ ಯಾರು ಕದ್ದರು ಅಂತ ನೋಡ್ತಿದ್ವಿ. ಕದ್ದ ಮಾಲು ಎಂಥದ್ದು ಅಂತ ನೋಡ್ಲಿಲ್ಲ. ಪತ್ರದ ಮೇಲೆ ದುರುಗಕ್ಕನ ಹೆಸರು ಬಿದ್ದೈತೆ. ಕದ್ದೋನಿಗೆ ಅದು ಮೂರು ಕಾಸಿಗೂ ಬಾಳಲ್ಲ. ಇವತ್ತೊಂದು ದಿನ ಸಿಗದಿದ್ರೆ ಸಾಕು. ನಾಳೆ ಮನೆ ಸಾವ್ಕಾರ್ರಿಗೆ, ದೊಡ್ಡ ಕಮಿಷನ್ ಹುಲಿಯಪ್ಪಂಗೆ. ಹೋಟ್ಲಾಗೆ ಮನೆ ಮಾತಾಡಿದ್ರೆ ನಾಕು ಜನ ಕೇಳ್ತಾರೆ ಅಂತ ಹಳೇ ಚಟಕ್ಕೆ ಟವಲ್ ಹಾಸಿದ. ಎಲ್ರೂ ಕುರಿ ಅಂದ್ಕೊಂಡ್ರು. ಕುರಿ ಎಲ್ಲೈತೆ ಅಂತ ಯಾರೂ ಕೇಳ್ಲಿಲ್ಲ. ಈಗ ನೀನೇ ಹೇಳು ಲೇ, ನಿನ್ನ ಮನೆ ಹುಡುಕಣಾ, ಸ್ಕೂಟರ್ ಹುಡುಕಣಾ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹುಲಿಯಪ್ಪನ ಕಣ್ಣು ಹೊರಗೆ ನಿಂತ ಸ್ಕೂಟರಿನತ್ತ ಹೋಯಿತು. ಸೀಟು ಎತ್ತಿದಾಗ ಕ್ರಯಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಸುಕ್ಕಾಗದೆ ಮಲಗಿತ್ತು.

"ಸ್ಟೇಷನ್ನಿಗೆ ನಡಿ," ಎಂದು ಜುಂಜಪ್ಪ ಅವನ ರಟ್ಟೆ ಹಿಡಿದ.

"ತಡೀರಿ ದಫೇದಾರ್ರೇ," ಎಂದಳು ದುರುಗಕ್ಕ. "ನೋಂದಣಿಗೆ ಇಬ್ರು ಸಾಕ್ಷಿ ಬೇಕು. ನೀವೊಬ್ರು. ಇನ್ನೊಬ್ಬ ಇವನೇ ಆಗ್ಲಿ."

"ಅಕ್ಕಾ, ಹೆಂಗೂ ಸಹಿ ಹಾಕ್ತೀನಿ," ಎಂದು ಹುಲಿಯಪ್ಪ ಗೊಣಗಿದ. "ಕಮಿಷನ್ ಬ್ಯಾಡ. ಇಷ್ಟು ದಿನ ಓಡಾಡಿದ್ದಕ್ಕೆ ಪೆಟ್ರೋಲ್ ಖರ್ಚಾದ್ರೂ..."

"ಬಿಡಿಗಾಸೂ ಕೊಡಲ್ಲ. ಹಾಕು ಸಹಿ."

ಸಬ್ ರಿಜಿಸ್ಟ್ರಾರ್ ಕಚೇರಿಯ ಬಾಗಿಲು ಮುಚ್ಚುವ ಮೊದಲು ಅವನು ಅದೇ ಪತ್ರದ ಕೆಳಗೆ ಪೆನ್ನು ಊರಿದ. ಅರ್ಧ ಹೆಸರು ಗೀಚಿ ಪೆನ್ನು ಎತ್ತಿದ.

"ಹೆಸರು ಪೂರ್ತಿ ಬರಿ," ಎಂದಳು ದುರುಗಕ್ಕ. "ನಾಳೆ ಯಾವನಾದ್ರೂ ಬಂದು ಈ ಮನೆ ಬಿಡು ಅಂದ್ರೆ, ಇದು ದುರುಗಕ್ಕಂದು ಅಂತ ಹೇಳಾಕೆ ಮೊದ್ಲು ನಿನ್ನೇ ಕರೆಸ್ತೀನಿ."